ಕಿವಿಗೂ ಬೆರಳಿಗೂ ದಕ್ಕುವ ಫೋನು

ಗುಂಡಿಗಳಿದ್ದ ಹಳೆಯ ಮೊಬೈಲುಗಳಲ್ಲಿ 5ನೇ ಅಂಕಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತಿತ್ತು. ಆ ಉಬ್ಬು ಬೆರಳಿಗೆ ಸಿಕ್ಕಿದರೆ ಉಳಿದ ಅಂಕಿಗಳು ಎಲ್ಲೆಲ್ಲಿವೆ ಎಂಬುದು ತಾನಾಗಿಯೇ ತಿಳಿಯುತ್ತಿತ್ತು. ಕಣ್ಣು ಕಾಣದವರು ಕರೆ ಮಾಡುವುದಕ್ಕೂ ಬಂದ ಕರೆಗೆ ಉತ್ತರಿಸುವುದಕ್ಕೂ ಅಷ್ಟು ಸಾಕಾಗಿತ್ತು. ಆದರೆ ಕರೆ ಯಾರದೆಂದು ತಿಳಿಯುವುದು, ಸಂದೇಶ ಓದುವುದು, ಉಳಿಸಿಟ್ಟ ಹೆಸರುಗಳಲ್ಲಿ ಬೇಕಾದುದನ್ನು ಹುಡುಕುವುದು, ಬ್ಯಾಟರಿ ಎಷ್ಟಿದೆ ಎಂದು ನೋಡುವುದು, ಇವೆಲ್ಲಕ್ಕೂ ಪರದೆಯೇ ಬೇಕಿತ್ತು, ಪರದೆಗೆ ಬಾಯಿರಲಿಲ್ಲ. 2000ದ ದಶಕದಲ್ಲಿ ಟಾಕ್ಸ್, ಮೊಬೈಲ್ ಸ್ಪೀಕ್ ಎಂಬ ತಂತ್ರಾಂಶಗಳು ಬಂದು ನೋಕಿಯಾದ ಸಿಂಬಿಯನ್ ಫೋನುಗಳ ಪರದೆಯನ್ನು ಓದಿ ಹೇಳತೊಡಗಿದವು. ಅವುಗಳನ್ನು ಫೋನಿನ ಬೆಲೆಯ ಮೇಲೆ ಪ್ರತ್ಯೇಕವಾಗಿ ಹಣ ಕೊಟ್ಟು ಕೊಳ್ಳಬೇಕಿತ್ತು. ಎಲ್ಲರಿಗೂ ಸಿಗುವ ಅನುಕೂಲವನ್ನೇ ಪಡೆಯಲು ಕಣ್ಣು ಕಾಣದವರು ಎರಡನೆಯ ಬಾರಿ ಬೆಲೆ ತೆರಬೇಕಾದ ಆ ಕಾಲವನ್ನು ನೆನಪಿಟ್ಟುಕೊಂಡರೆ ಮಾತ್ರ ಮುಂದೆ ಆದ ಬದಲಾವಣೆಯ ತೂಕ ನಮಗೆ ಅರ್ಥವಾಗುತ್ತದೆ.

ನಾನು ಬೆಂಗಳೂರಿನಲ್ಲಿ ಮೊಬೈಲ್ ಆ್ಯಪ್‌ಗಳನ್ನು ರೂಪಿಸುವ ಮತ್ತು ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ನಮ್ಮ ತಂಡದಲ್ಲಿ ಹುಟ್ಟಿನಿಂದ ದೃಷ್ಟಿಯಿಲ್ಲದ ಸಹೋದ್ಯೋಗಿಯೊಬ್ಬರಿದ್ದಾರೆ. ಈ ವಿಷಯದಲ್ಲಿ ನನಗೆ ತಿಳಿದಿರುವ ಹೆಚ್ಚಿನದನ್ನು ನಾನು ಕಲಿತದ್ದು ಅವರ ಪಕ್ಕ ಕುಳಿತು. ಅಂಧರಿಗೆಂದೇ ಬೇರೆ ಫೋನು ತಯಾರಿಸುವುದು ಉತ್ತರವಲ್ಲ. ಎಲ್ಲರ ಕೈಯಲ್ಲಿರುವ ಫೋನಿಗೇ ಕಿವಿಯಿಂದ ಮತ್ತು ಬೆರಳಿನಿಂದ ಒಳಹೋಗುವ ದಾರಿಯನ್ನು ಆರಂಭದಲ್ಲಿಯೇ ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೇರೆ ಫೋನಿನ ಪ್ರಯತ್ನಗಳು ಆಗದೆ ಇಲ್ಲ. ಸ್ಪೇನಿನ ಓವಾಸಿಸ್ ಎಂಬ ಕಂಪನಿ 22ಸಿ ಎಂಬ ಹೆಸರಿನಲ್ಲಿ ಪರದೆಯೇ ಇಲ್ಲದ, ಎಲ್ಲವನ್ನೂ ಮಾತಿನಲ್ಲಿ ಹೇಳುವ ಫೋನನ್ನು ಮಾರುಕಟ್ಟೆಗೆ ತಂದಿತ್ತು. ಪರದೆಯ ಮೇಲೆ ಬ್ರೈಲ್ ಚುಕ್ಕೆಗಳು ಎದ್ದು ಇಳಿಯುವ ಫೋನಿನ ಕಲ್ಪನೆಗಾಗಿ ನಮ್ಮ ದೇಶದ ವಿನ್ಯಾಸಕಾರ ಸುಮಿತ್ ದಾಗರ್ ಅವರಿಗೆ 2012ರಲ್ಲಿ ರೋಲೆಕ್ಸ್ ಪ್ರಶಸ್ತಿ ಸಂದಿತು. ಆಗ ಅದು ಪತ್ರಿಕೆಗಳಲ್ಲಿ ಬಹಳ ಸುದ್ದಿಯಾಗಿತ್ತಾದರೂ ಜನಸಾಮಾನ್ಯರ ಕೈಸೇರುವ ವಸ್ತುವಾಗಲಿಲ್ಲ. ಜೆಕ್ ದೇಶದ ಬ್ಲೈಂಡ್‌ಶೆಲ್ ಇಂದಿಗೂ ಗುಂಡಿಗಳುಳ್ಳ, ಮಾತನಾಡುವ ಫೋನುಗಳನ್ನು ತಯಾರಿಸುತ್ತಿದೆ. ಇಳಿವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ನುಣುಪು ಗಾಜಿನ ಮೇಲೆ ಬೆರಳಾಡಿಸುವುದನ್ನು ಹೊಸದಾಗಿ ಕಲಿಯಲಾಗದವರಿಗೆ ಇಂಥ ಫೋನು ನಿಜವಾದ ಆಸರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಡಿಮೆ ಸಂಖ್ಯೆಯಲ್ಲಿ ತಯಾರಾಗುವ ಸಾಧನದ ಬೆಲೆ ಹೆಚ್ಚಾಗಿರುತ್ತದೆ, ದುರಸ್ತಿ ಮಾಡುವವರು ಊರಿನಲ್ಲಿ ಸಿಗುವುದಿಲ್ಲ, ಮತ್ತು ಬ್ಯಾಂಕು, ರೈಲು, ವಿದ್ಯುತ್ ಬಿಲ್ಲು, ಮಕ್ಕಳ ಶಾಲೆ ಇವೆಲ್ಲವೂ ಆ್ಯಪ್‌ಗಳಿಗೆ ಸರಿದಿರುವ ಈ ಹೊತ್ತಿನಲ್ಲಿ ಆ ಆ್ಯಪ್‌ಗಳು ಅದರಲ್ಲಿ ನಡೆಯುತ್ತವೆ ಎಂಬ ಭರವಸೆಯೂ ಇರುವುದಿಲ್ಲ.

2007ರಲ್ಲಿ ಐಫೋನ್ ಬಂದಾಗ ಗುಂಡಿಗಳು ಹೋದವು, 5ರ ಮೇಲಿನ ಉಬ್ಬೂ ಹೋಯಿತು. ಉಳಿದದ್ದು ಎಲ್ಲಿ ಮುಟ್ಟಿದರೂ ಒಂದೇ ಬಗೆಯಾಗಿರುವ ಗಾಜಿನ ಹಲಗೆ. ತಿಳಿಯದೆ ಎಲ್ಲಿಯಾದರೂ ಬೆರಳು ತಾಗಿದರೆ ಅಲ್ಲಿರುವ ಕೆಲಸ ನಡೆದುಹೋಗುತ್ತಿತ್ತು. ಹುಡುಕುವುದಕ್ಕೆ ಮುಟ್ಟಲೇಬೇಕಾದವರಿಗೆ ಇದಕ್ಕಿಂತ ದೊಡ್ಡ ಅಡ್ಡಿ ಇನ್ನೊಂದಿಲ್ಲ. ಈ ತೊಡಕಿನ ನಿಜವಾದ ಗಂಟು ಎಲ್ಲಿದೆ ಎಂಬುದನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾನ್ ಕೇನ್, ಜೆಫ್ರಿ ಬಿಗಮ್ ಮತ್ತು ಜೇಕಬ್ ವಾಬ್ರಾಕ್ 2008ರಲ್ಲಿ ಪ್ರಕಟಿಸಿದ ಸ್ಲೈಡ್ ರೂಲ್ ಎಂಬ ಸಂಶೋಧನೆ ಸ್ಪಷ್ಟವಾಗಿ ತೋರಿಸಿತು. ಮುಟ್ಟುವುದು ಬೇರೆ, ಒತ್ತುವುದು ಬೇರೆ ಎಂದು ಅವರು ಈ ಎರಡನ್ನೂ ಬಿಡಿಸಿದರು. ಒಂದು ಬೆರಳನ್ನು ಪರದೆಯ ಮೇಲೆ ಜಾರಿಸಿದರೆ ಅಡಿಯಲ್ಲಿರುವುದನ್ನು ಫೋನು ಓದುತ್ತದೆಯೇ ಹೊರತು ಏನನ್ನೂ ಮಾಡುವುದಿಲ್ಲ. ಬೇಕಾದುದು ಸಿಕ್ಕಿದ ಮೇಲೆ ಇನ್ನೊಂದು ಬೆರಳಿನಿಂದ ತಟ್ಟಿದಾಗ ಮಾತ್ರ ಕೆಲಸ ನಡೆಯುತ್ತದೆ. 2009ರ ಜೂನ್‌ನಲ್ಲಿ ಬಂದ ಐಫೋನ್ 3ಜಿಎಸ್‌ನಲ್ಲಿ ಆ್ಯಪಲ್ ಅಳವಡಿಸಿದ ವಾಯ್ಸ್‌ಓವರ್ ಕೂಡ ಇದೇ ತತ್ತ್ವದ ಮೇಲೆ ನಿಂತಿತ್ತು: ಮುಟ್ಟಿದರೆ ಹೇಳುತ್ತದೆ, ಎರಡು ಬಾರಿ ತಟ್ಟಿದರೆ ತೆರೆಯುತ್ತದೆ, ಬಲಕ್ಕೆ ಸರಿಸಿದರೆ ಮುಂದಿನದಕ್ಕೆ, ಎಡಕ್ಕೆ ಸರಿಸಿದರೆ ಹಿಂದಿನದಕ್ಕೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಅದು ಫೋನಿನ ಒಳಗೇ ಬಂದಿತ್ತು. ಅದಕ್ಕೆ ಬೇರೆ ಬೆಲೆಯಿರಲಿಲ್ಲ, ಬೇರೆಯವರಿಂದ ಹಾಕಿಸಿಕೊಳ್ಳುವ ಅಗತ್ಯವೂ ಇರಲಿಲ್ಲ.

ಅದೇ ವರ್ಷ ಆ್ಯಂಡ್ರಾಯ್ಡ್ 1.6ರಲ್ಲಿ ಪರದೆಯನ್ನು ಓದಿ ಹೇಳುವ ತಂತ್ರಾಂಶವಾದ ಟಾಕ್‌ಬ್ಯಾಕ್ ಬಂದಿತು. ಅದರ ಹಿಂದೆ ಗೂಗಲ್‌ನಲ್ಲಿದ್ದ ಟಿ. ವಿ. ರಾಮನ್ ಅವರ ಶ್ರಮವಿದೆ. ಪುಣೆಯವರಾದ ರಾಮನ್ ಗ್ಲಾಕೋಮಾದಿಂದ 14ನೇ ವಯಸ್ಸಿನಲ್ಲಿ ದೃಷ್ಟಿ ಕಳೆದುಕೊಂಡು, ಮುಂಬಯಿಯ ಐಐಟಿಯಲ್ಲಿ ಓದಿ, ಗಣಿತದ ಬರಹವನ್ನು ಧ್ವನಿಯಲ್ಲಿ ಓದಿಸುವ ವ್ಯವಸ್ಥೆಯ ಮೇಲೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಅವರು ರೂಪಿಸಿದ ಒಂದು ಡಯಲರ್ ನನಗೆ ಇಂದಿಗೂ ಅತ್ಯಂತ ಪ್ರಿಯವಾದ ವಿನ್ಯಾಸಗಳಲ್ಲಿ ಒಂದು. ಪರದೆಯ ಮೇಲೆ 5 ಎಲ್ಲಿದೆ ಎಂದು ಬಳಕೆದಾರ ಹುಡುಕಬೇಕಾಗಿಯೇ ಇಲ್ಲ. ಬೆರಳು ಮೊದಲು ಎಲ್ಲಿ ತಾಗಿತೋ ಅದೇ 5. ಅಲ್ಲಿಂದ ಮೇಲಕ್ಕೆ ಜಾರಿಸಿದರೆ 2, ಕೆಳಕ್ಕೆ 8, ಎಡಕ್ಕೆ 4, ಬಲಕ್ಕೆ 6, ಮೂಲೆಗಳ ಕಡೆಗೆ ಉಳಿದವು. ಗಾಜಿನಲ್ಲಿ ಕಳೆದುಹೋದ ಉಬ್ಬನ್ನು ಅವರು ಬೆರಳಿಗೇ ಕೊಟ್ಟರು. ಬೆರಳು ಗುಂಡಿಯ ಬಳಿಗೆ ಹೋಗಬೇಕೆಂಬ ಹಳೆಯ ರೂಢಿಯನ್ನು ಪಕ್ಕಕ್ಕಿಟ್ಟು ಗುಂಡಿಯನ್ನೇ ಬೆರಳಿನ ಬಳಿಗೆ ತರುವುದು ದೃಷ್ಟಿಯನ್ನು ನೆಚ್ಚದೆ ಯೋಚಿಸುವವರಿಗೆ ಮಾತ್ರ ಹೊಳೆಯುವಂಥದ್ದು. ಹಾಗಿದ್ದರೂ ಮೊದಲ ವರ್ಷಗಳ ಟಾಕ್‌ಬ್ಯಾಕ್‌ಗೆ ಗುಂಡಿಗಳಿರುವ ಫೋನೇ ಬೇಕಾಗುತ್ತಿತ್ತು. ಪರದೆಯನ್ನು ಬೆರಳಿನಿಂದ ತಡವಿ ತಿಳಿಯುವ ಸೌಲಭ್ಯ 2011ರಲ್ಲಿ ಆ್ಯಂಡ್ರಾಯ್ಡ್ 4.0 ಬಂದ ನಂತರವೇ ದೊರಕಿತು. ನಮ್ಮ ದೇಶದಲ್ಲಿ ಬಹುಪಾಲು ಜನರ ಕೈಯಲ್ಲಿರುವುದು ಆ್ಯಂಡ್ರಾಯ್ಡ್ ಆಗಿರುವುದರಿಂದ ಇಲ್ಲಿಯ ಅಂಧರ ಪಾಲಿಗೆ ಸ್ಮಾರ್ಟ್‌ಫೋನಿನ ಬಾಗಿಲು ತೆರೆದದ್ದು ಆಗಲೇ ಎನ್ನಬೇಕು.

ಫೋನಿನ ಹೊರಮೈಯ ವಿಷಯವನ್ನೂ ಮರೆಯಬಾರದು. ಮುಂಭಾಗದ ಗುಂಡಿಯನ್ನು ಐಫೋನ್ 2017ರಲ್ಲಿ ಕೈಬಿಟ್ಟಾಗ, ವಾಯ್ಸ್‌ಓವರ್ ಬಳಸುವವರು ಪರದೆಯ ಕೆಳಅಂಚಿನಿಂದ ಬೆರಳನ್ನು ಮೇಲಕ್ಕೆ ತರುತ್ತಿದ್ದಂತೆ ಎಷ್ಟು ದೂರ ಬಂದರೆ ಸಾಕೆಂಬುದನ್ನು ತಿಳಿಸಲು ಸಣ್ಣ ಕಂಪನವನ್ನು ಸೇರಿಸಿದರು. ಕಣ್ಣಿಗೆ ಕಾಣುವ ಗುರುತನ್ನು ತೆಗೆದಾಗ ಅದರ ಜಾಗದಲ್ಲಿ ಬೆರಳಿಗೆ ತಿಳಿಯುವ ಗುರುತನ್ನು ಇಡುವುದೆಂದರೆ ಇದು. ಶಬ್ದ ಹೆಚ್ಚಿಸುವ ಗುಂಡಿಗೂ ಫೋನ್ ಆರಿಸುವ ಗುಂಡಿಗೂ ಆಕಾರದಲ್ಲಿ ವ್ಯತ್ಯಾಸವಿರಬೇಕು. ಬೆರಳಚ್ಚಿನ ಸಂವೇದಕ ಗಾಜಿನ ಅಡಿಯಲ್ಲಿ ಅಡಗುವುದಕ್ಕಿಂತ ಹಿಂಬದಿಯ ಕುಳಿಯಲ್ಲಿಯೋ ಪಕ್ಕದ ಗುಂಡಿಯಲ್ಲಿಯೋ ಇದ್ದರೆ ಒಳ್ಳೆಯದು. ಇನ್ನೊಂದು ಅಂಶವನ್ನು ಅಂಗಡಿಯವರೇ ಅರಿತಿರಬೇಕು ಎಂದು ನನಗೆ ಅನ್ನಿಸುತ್ತದೆ: ಹೊಸ ಆ್ಯಂಡ್ರಾಯ್ಡ್ ಫೋನಿನ ಎರಡೂ ಶಬ್ದದ ಗುಂಡಿಗಳನ್ನು ಒಟ್ಟಿಗೆ ಕೆಲವು ಕ್ಷಣ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಮಾತನಾಡತೊಡಗುತ್ತದೆ, ಐಫೋನಿನಲ್ಲಿ ಪಕ್ಕದ ಗುಂಡಿಯನ್ನು ಮೂರು ಬಾರಿ ಒತ್ತಿದರಾಯಿತು. ಡಬ್ಬಿಯಿಂದ ತೆಗೆದ ಕ್ಷಣದಿಂದಲೇ ತನ್ನ ಫೋನನ್ನು ತಾನೇ ಸಿದ್ಧಪಡಿಸಿಕೊಳ್ಳುವ ಹಕ್ಕು ಅಂಧ ಗ್ರಾಹಕರಿಗೂ ಇದೆ, ಏಕೆಂದರೆ ಸಿದ್ಧಪಡಿಸುವಾಗ ಗುಪ್ತಪದ ಹಾಕುವವರು ಬೇರೆಯವರಾದರೆ ಆ ಫೋನಿನ ಗುಟ್ಟು ಮೊದಲ ದಿನವೇ ಬೇರೆಯವರ ಪಾಲಾಗುತ್ತದೆ.

ಇಷ್ಟೆಲ್ಲ ಆದ ಮೇಲೂ ಕೆಲಸ ಕೆಡುವುದು ಆ್ಯಪ್‌ಗಳಲ್ಲಿ. ಪರದೆ ಓದುವ ತಂತ್ರಾಂಶ ಚಿತ್ರವನ್ನು ನೋಡುವುದಿಲ್ಲ. ಆ್ಯಪ್ ತನ್ನ ಬಗ್ಗೆ ಏನು ಹೇಳಿಕೊಂಡಿದೆಯೋ ಅದನ್ನೇ ಓದುತ್ತದೆ. ಪ್ರತಿಯೊಂದು ಗುಂಡಿಗೂ ಅದನ್ನು ರಚಿಸಿದವರು ಕೋಡ್‌ನಲ್ಲಿ ಒಂದು ಹೆಸರು ಬರೆದಿಡಬೇಕು. ಮೂರು ಗೆರೆಯ ಚಿತ್ರಕ್ಕೆ ‘ಮೆನು’ ಎಂದೂ ಬಾಣದ ಚಿತ್ರಕ್ಕೆ ‘ಕಳುಹಿಸಿ’ ಎಂದೂ ಬರೆಯಲು ಒಂದು ಸಾಲು ಸಾಕು. ಬರೆಯದಿದ್ದರೆ ಕೇಳುವವರಿಗೆ ‘ಬಟನ್, ಬಟನ್, ಬಟನ್’ ಎಂಬ ಸದ್ದಷ್ಟೇ ಸಿಗುತ್ತದೆ. ನಮ್ಮ ಸಹೋದ್ಯೋಗಿ ಬೇರೆಯವರು ತಯಾರಿಸಿದ ಒಂದು ಆ್ಯಪನ್ನು ಪರೀಕ್ಷಿಸುತ್ತಿದ್ದಾಗ, “ಸರ್, ಈ ಪುಟದಲ್ಲಿ ಒಂದು ಬಟನ್ ಹಣ ಕಳಿಸುತ್ತೆ, ಇನ್ನೊಂದು ರದ್ದು ಮಾಡುತ್ತೆ. ಯಾವುದು ಯಾವುದು ಅಂತ ನನಗೆ ಹೇಗೆ ಗೊತ್ತಾಗಬೇಕು?” ಎಂದು ಕೇಳಿದರು. ಉತ್ತರಿಸಲು ನಾನು ಪರದೆಯನ್ನು ನೋಡಬೇಕಾಯಿತು. ಒಬ್ಬರು ಹಣ ಕಳುಹಿಸುವಾಗ ಇನ್ನೊಬ್ಬರು ಪರದೆ ನೋಡಬೇಕಾಗುವುದು ಸೌಲಭ್ಯದ ಕೊರತೆ ಮಾತ್ರವಲ್ಲ, ಆ ವ್ಯಕ್ತಿಯ ಖಾಸಗಿತನಕ್ಕೂ ಸ್ವಾತಂತ್ರ್ಯಕ್ಕೂ ಆಗುವ ಧಕ್ಕೆ.

ಹೆಸರು ಬರೆದಿಟ್ಟರೆ ಎಲ್ಲವೂ ಮುಗಿಯುವುದಿಲ್ಲ. ಬಲಕ್ಕೆ ಸರಿಸುತ್ತ ಹೋದಾಗ ಪುಟದ ಅಂಶಗಳು ಅರ್ಥಪೂರ್ಣವಾದ ಸರದಿಯಲ್ಲಿ ಬರಬೇಕು. ಮೊತ್ತ ಒಂದೆಡೆ, ಅದು ಯಾರಿಗೆ ಎಂಬುದು ಇನ್ನೆಲ್ಲೋ ಬಂದರೆ ಕೇಳುಗ ಎಲ್ಲವನ್ನೂ ನೆನಪಿನಲ್ಲಿ ಹೊತ್ತು ತಿರುಗಬೇಕಾಗುತ್ತದೆ. ‘ಗುಪ್ತಪದ ತಪ್ಪಾಗಿದೆ’ ಎಂಬ ಕೆಂಪು ಅಕ್ಷರ ಪರದೆಯ ಮೇಲೆ ಮೂಡಿದಾಗ ಅದು ಧ್ವನಿಯಲ್ಲಿಯೂ ತಾನಾಗಿಯೇ ಕೇಳಿಸಬೇಕು. ಸಂದೇಶದಲ್ಲಿ ಬಂದ ಒಟಿಪಿಯನ್ನು ಕೇಳಿ, ನೆನಪಿಟ್ಟು, ಆ್ಯಪ್‌ಗೆ ಮರಳಿ, ಒಂದೊಂದಾಗಿ ತುಂಬುವಷ್ಟರಲ್ಲಿ ಸಮಯ ಮೀರಿಹೋದರೆ ಅದು ಬಳಕೆದಾರರ ನಿಧಾನವಲ್ಲ, ವಿನ್ಯಾಸದ ಅವಸರ. ಸೊಟ್ಟ ಅಕ್ಷರಗಳ ಚಿತ್ರವನ್ನು ಗುರುತಿಸಿ ಬರೆಯಿರಿ ಎನ್ನುವ ಕ್ಯಾಪ್ಚಾಗೆ ಧ್ವನಿಯ ಪರ್ಯಾಯವಿಲ್ಲದಿದ್ದರೆ ಆ ಬಾಗಿಲು ಅಂಧರಿಗೆ ಮುಚ್ಚಿದಂತೆಯೇ.

ಇವೆಲ್ಲಕ್ಕಿಂತ ಕಠಿಣವಾದದ್ದು ಬ್ಯಾಂಕ್ ಖಾತೆ, ಸಿಮ್ ಕಾರ್ಡ್ ಮುಂತಾದವುಗಳಿಗೆ ಮೊಬೈಲಿನಲ್ಲೇ ಮಾಡುವ ಕೆವೈಸಿ. ಎದುರಿಗಿರುವುದು ಜೀವಂತ ವ್ಯಕ್ತಿಯೇ ಎಂದು ಖಚಿತಪಡಿಸಿಕೊಳ್ಳಲು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದೂ, ಮುಖವನ್ನು ಆ ಚೌಕಟ್ಟಿನೊಳಗೆ ಹಿಡಿಯಿರಿ ಎಂದೂ ಕೇಳುವ ವ್ಯವಸ್ಥೆ ಅದು. ಚೌಕಟ್ಟು ಎಲ್ಲಿದೆ ಎಂದು ಅಂಧರಿಗೆ ಯಾರೂ ಹೇಳುವುದಿಲ್ಲ. ಆ್ಯಸಿಡ್ ದಾಳಿಯಲ್ಲಿ ರೆಪ್ಪೆಗಳನ್ನೇ ಕಳೆದುಕೊಂಡವರು ಮಿಟುಕಿಸುವುದಾದರೂ ಹೇಗೆ? ಆ್ಯಸಿಡ್ ದಾಳಿಗೆ ಒಳಗಾದವರೂ ದೃಷ್ಟಿಯಿಲ್ಲದ ವಕೀಲರೊಬ್ಬರೂ ಸಲ್ಲಿಸಿದ್ದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ನೀಡಿ, ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೇ ಎಂದು ಹೇಳಿತು. ಕೆವೈಸಿಗೆ ಪರ್ಯಾಯ ವಿಧಾನಗಳನ್ನು ಒಳಗೊಳ್ಳುವಂತೆ 20 ನಿರ್ದೇಶನಗಳನ್ನೂ ಕೊಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಈ ಹೊಣೆ ಮೊದಲೇ ಇತ್ತು. ಮಾಹಿತಿ ತಂತ್ರಜ್ಞಾನದ ಸಾಧನ ಮತ್ತು ಸೇವೆಗಳು ಹೇಗಿರಬೇಕೆಂದು ವಿವರಿಸುವ ಐಎಸ್ 17802 ಎಂಬ ಭಾರತೀಯ ಮಾನದಂಡವೂ ಇದೆ. ನಿಯಮವಿಲ್ಲ ಎಂಬ ನೆಪ ಈಗ ಯಾರಿಗೂ ಉಳಿದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಪೂರ್ತಿ ಕಾಣದವರ ವಿಷಯ. ಸ್ವಲ್ಪ ಕಾಣುವವರ ಸಂಖ್ಯೆ ಅವರಿಗಿಂತ ಎಷ್ಟೋ ಹೆಚ್ಚು. 2015ರಿಂದ 2019ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂಧತ್ವದ ಪ್ರಮಾಣ ಶೇಕಡಾ 0.36 ಇದ್ದರೆ ಒಟ್ಟು ದೃಷ್ಟಿದೋಷದ ಪ್ರಮಾಣ ಶೇಕಡಾ 2.55, ಎಂದರೆ ಸುಮಾರು ಏಳು ಪಟ್ಟು. ಬಿಳಿ ಕೋಲು ಹಿಡಿಯದ, ಟಾಕ್‌ಬ್ಯಾಕ್ ಬಳಸದ, ಮೇಲ್ನೋಟಕ್ಕೆ ಯಾವ ತೊಂದರೆಯೂ ಇಲ್ಲದಂತೆ ತೋರುವ ಈ ಜನರನ್ನು ವಿನ್ಯಾಸಕಾರರು ಬಹಳ ಸುಲಭವಾಗಿ ಮರೆಯುತ್ತಾರೆ. ಅವರೆಲ್ಲರಿಗೂ ಅಕ್ಷರ ದೊಡ್ಡದಾಗಿಸಿದರೆ ಸಾಕು ಎಂಬ ನಂಬಿಕೆಯೂ ವ್ಯಾಪಕವಾಗಿದೆ. ನನ್ನ ಸೋದರಮಾವನವರಿಗೆ ಗ್ಲಾಕೋಮಾದಿಂದ ಸುತ್ತಲಿನ ನೋಟ ಹೋಗಿ ನಟ್ಟ ನಡುವಿನ ಸ್ವಲ್ಪ ಭಾಗ ಮಾತ್ರ ಕಾಣುತ್ತದೆ. ಮನೆಯವರು ಪ್ರೀತಿಯಿಂದ ಅವರ ಫೋನಿನ ಅಕ್ಷರವನ್ನು ಅತಿ ದೊಡ್ಡದು ಮಾಡಿಕೊಟ್ಟಿದ್ದರು; ಅದರಿಂದ ಒಂದು ಪದವೂ ಅವರ ನೋಟದೊಳಗೆ ಪೂರ್ತಿಯಾಗಿ ಹಿಡಿಸುತ್ತಿರಲಿಲ್ಲ. ಅಕ್ಷರವನ್ನು ಸಾಧಾರಣ ಗಾತ್ರಕ್ಕೆ ಇಳಿಸಿ, ದಪ್ಪಗಾಗಿಸಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯಾಗಿ ಬದಲಾಯಿಸಿದಾಗ ಅವರಿಗೆ ಓದಲು ಸಾಧ್ಯವಾಯಿತು. ಅಕ್ಷಿಪಟಲದ ನಡುಭಾಗವೇ ಹಾಳಾದವರಿಗೆ ಇದಕ್ಕೆ ತದ್ವಿರುದ್ಧವಾಗಿ ದೊಡ್ಡ ಅಕ್ಷರವೇ ಬೇಕು. ಕಣ್ಣಿನ ಪೊರೆಯಿರುವವರಿಗೆ ಬಿಳಿ ಪರದೆಯ ಪ್ರಖರತೆಯೇ ಹಿಂಸೆ. ಆದ್ದರಿಂದ ಗಾತ್ರ, ದಪ್ಪ, ಬಣ್ಣ, ಪ್ರಕಾಶ ಇವೆಲ್ಲವನ್ನೂ ಬಿಡಿಬಿಡಿಯಾಗಿ ಬದಲಿಸುವ ಅವಕಾಶವಿರಬೇಕು, ಮತ್ತು ಫೋನಿನಲ್ಲಿ ಬಳಕೆದಾರರು ಮಾಡಿಕೊಂಡ ಆಯ್ಕೆಯನ್ನು ಪ್ರತಿ ಆ್ಯಪ್ ಗೌರವಿಸಬೇಕು.

ಅಕ್ಷರಕ್ಕೂ ಹಿನ್ನೆಲೆಗೂ ಇರಬೇಕಾದ ವ್ಯತ್ಯಾಸ ಕನಿಷ್ಠ 4.5ಕ್ಕೆ 1ರ ಅನುಪಾತದಲ್ಲಿರಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2008ರಿಂದಲೇ ಹೇಳುತ್ತಿದೆ. ಹಾಗಿದ್ದರೂ ಬಿಳಿಯ ಮೇಲೆ ತಿಳಿ ಬೂದು ಬಣ್ಣದ ಅಕ್ಷರಗಳು ಆ್ಯಪ್‌ಗಳಲ್ಲಿ ತುಂಬಿವೆ. ಬಿಸಿಲಿನಲ್ಲಿ ಬಸ್ ನಿಲ್ದಾಣದಲ್ಲಿ ನಿಂತರೆ ಚೆನ್ನಾಗಿ ಕಾಣುವವರಿಗೂ ಅವು ಕಾಣಿಸುವುದಿಲ್ಲ.

ಕನ್ನಡದಲ್ಲಿ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ, ಮತ್ತು ಅದನ್ನು ಕನ್ನಡಿಗರಲ್ಲದೆ ಬೇರೆ ಯಾರೂ ಗಮನಿಸಲಾರರು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳತೆಮಾಡಿದ ಗುಂಡಿಯಲ್ಲಿ ಕನ್ನಡ ಹಾಕಿ, ಅದರ ಮೇಲೆ ಬಳಕೆದಾರರು ಅಕ್ಷರದ ಗಾತ್ರವನ್ನು ಹೆಚ್ಚಿಸಿಕೊಂಡರೆ ಮೊದಲು ಕತ್ತರಿಸಿಹೋಗುವುದೇ ಒತ್ತು. ‘ಪಟ್ಟಿ’ ಎಂಬುದು ‘ಪಟಿ’ ಆಗುತ್ತದೆ, ‘ಯಶಸ್ವಿ’ ಎಂಬುದು ‘ಯಶಸಿ’ ಆಗುತ್ತದೆ, ‘ರದ್ದು’ ಎಂಬುದು ‘ರದು’ ಆಗುತ್ತದೆ. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವ ವ್ಯತ್ಯಾಸ ಒಂದು ಪುಟ್ಟ ಸೀಳಿನಷ್ಟು. ತೆಳುವಾದ ಅಕ್ಷರವಿನ್ಯಾಸದಲ್ಲಿ ಮಂದದೃಷ್ಟಿಯವರಿಗೆ ಅದು ಕಾಣದೆ ಹೋಗುತ್ತದೆ. ಆ್ಯಂಡ್ರಾಯ್ಡ್ 14ರಿಂದ ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸುವ ಸೌಲಭ್ಯವಿದೆ. ಆ ಗಾತ್ರದಲ್ಲಿ ನಿಮ್ಮ ಆ್ಯಪಿನ ಕನ್ನಡ ಪುಟಗಳನ್ನು ಒಮ್ಮೆ ತೆರೆದು ನೋಡಿ ಎಂದು ಕನ್ನಡದಲ್ಲಿ ಆ್ಯಪ್ ಮಾಡುವ ಪ್ರತಿಯೊಬ್ಬರನ್ನೂ ನಾನು ಕೇಳಿಕೊಳ್ಳುತ್ತೇನೆ. ಗುಂಡಿಯ ಎತ್ತರವನ್ನು ಒಳಗಿನ ಅಕ್ಷರದೊಂದಿಗೆ ಬೆಳೆಯಲು ಬಿಡುವುದು ಕಷ್ಟದ ಕೆಲಸವಲ್ಲ.

ಕನ್ನಡದ ಧ್ವನಿಯ ಕಥೆ ಹೆಚ್ಚು ಆಶಾದಾಯಕವಾಗಿದೆ. ಇಸ್ಪೀಕ್ ಎಂಬ ಮುಕ್ತ ತಂತ್ರಾಂಶದಲ್ಲಿ ಕನ್ನಡ ಸೇರಿದಾಗ ಅದರ ಉಚ್ಚಾರ ಯಾಂತ್ರಿಕವಾಗಿದ್ದರೂ ಕನ್ನಡದ ಬರಹವನ್ನು ಸ್ವತಃ ಓದಿಕೊಳ್ಳುವ ಅವಕಾಶ ಅಂಧರಿಗೆ ದೊರಕಿತು. ಇಂದು ಆ್ಯಂಡ್ರಾಯ್ಡ್‌ನಲ್ಲಿಯೂ ಐಫೋನಿನಲ್ಲಿಯೂ ಸಹಜವಾಗಿ ಮಾತನಾಡುವ ಕನ್ನಡ ಧ್ವನಿಗಳಿವೆ. ಆದರೂ ಅಭ್ಯಾಸವಿರುವ ಅನೇಕರು ಹಳೆಯ ಯಾಂತ್ರಿಕ ಧ್ವನಿಯನ್ನೇ ಮೆಚ್ಚುತ್ತಾರೆ. ಅವರು ಕೇಳುವ ವೇಗ ಸಾಮಾನ್ಯ ಮಾತಿಗಿಂತ ಬಹಳ ಹೆಚ್ಚು. ಆ ವೇಗದಲ್ಲಿ ಸಹಜ ಧ್ವನಿಯ ಅಕ್ಷರಗಳು ಒಂದರೊಳಗೊಂದು ಕರಗುತ್ತವೆ, ಯಾಂತ್ರಿಕ ಧ್ವನಿಯಲ್ಲಿ ಬಿಡಿಬಿಡಿಯಾಗಿ ಕೇಳಿಸುತ್ತವೆ. ಇಂಪಾಗಿರುವುದೇ ಗುರಿಯೆಂದು ಭಾವಿಸುವವರು ಈ ಸಂಗತಿಯನ್ನು ತಿಳಿದಿರಬೇಕು. ಬೆರಳು ತಾಗಿದ ಕ್ಷಣವೇ ಮಾತು ಹೊರಡುವುದು ಇಂಪಿಗಿಂತ ಮುಖ್ಯ.

ಇನ್ನು ಕನ್ನಡ, ಇಂಗ್ಲಿಷ್ ಎರಡೂ ಬೆರೆತ ಪುಟ. ನಮ್ಮ ಫೋನುಗಳಲ್ಲಿ ಅಂಥ ಪುಟಗಳೇ ಹೆಚ್ಚು. ಯಾವ ಭಾಗ ಯಾವ ಭಾಷೆ ಎಂಬ ಗುರುತನ್ನು ಆ್ಯಪ್ ಇಟ್ಟಿರದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡದ ಸಾಲನ್ನು ಹಾರಿಸಿ ಮುಂದೆ ಹೋಗಬಹುದು, ಕೇಳುವವರಿಗೆ ಅಲ್ಲೊಂದು ಸಾಲು ಇತ್ತೆಂಬುದೇ ತಿಳಿಯುವುದಿಲ್ಲ. ಯೂನಿಕೋಡ್‌ಗೆ ಮೊದಲಿನ ಆಸ್ಕಿ ವಿಧಾನದಲ್ಲಿ ಟೈಪಿಸಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗೆ ಲ್ಯಾಟಿನ್ ಚಿಹ್ನೆಗಳ ಸಾಲುಗಳಾಗಿರುತ್ತವೆ; ಪರದೆ ಓದುವ ತಂತ್ರಾಂಶಕ್ಕೆ ಅದು ಅರ್ಥವಿಲ್ಲದ ಗದ್ದಲ. ಸ್ಕ್ಯಾನ್ ಮಾಡಿದ ಸುತ್ತೋಲೆಯಲ್ಲಿ ಅಷ್ಟೂ ಇರುವುದಿಲ್ಲ, ಬರಿಯ ಚಿತ್ರವಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ಕನ್ನಡ ಮುದ್ರಿತ ಪುಟವನ್ನು ಪಠ್ಯವಾಗಿಸುವ ಲಿಪಿ ಜ್ಞಾನಿ ಎಂಬ ತಂತ್ರಾಂಶವನ್ನು ರೂಪಿಸಿದ್ದು ಇಂಥ ಕಾರಣಗಳಿಗಾಗಿಯೇ ಬಹಳ ಬೆಲೆಯುಳ್ಳ ಕೆಲಸ.

ಓದುವುದಕ್ಕಿಂತ ಬರೆಯುವುದು ಕಷ್ಟ. ‘ಲಕ್ಷ್ಮಿ’ ಎಂಬ ಹೆಸರು ಯೂನಿಕೋಡ್‌ನಲ್ಲಿ ಏಳು ಸಂಕೇತಗಳು: ಲ, ಕ, ಅರ್ಧಾಕ್ಷರದ ಚಿಹ್ನೆ, ಷ, ಮತ್ತೊಮ್ಮೆ ಅದೇ ಚಿಹ್ನೆ, ಮ, ಕೊನೆಗೆ ಗುಡಿಸು. ಕನ್ನಡ ಕೀಲಿಮಣೆಯ ಇಕ್ಕಟ್ಟಾದ ಕೀಲಿಗಳ ನಡುವೆ ಬೆರಳು ಜಾರಿಸಿ, ಕೇಳಿ, ಒಂದೊಂದನ್ನೇ ಆರಿಸಬೇಕು. ತಪ್ಪಿ ಅಳಿಸಿದಾಗ ಹೋದದ್ದು ಪೂರ್ತಿ ಅಕ್ಷರವೋ ಒತ್ತು ಮಾತ್ರವೋ ಎಂಬುದನ್ನು ಕೀಲಿಮಣೆ ಸ್ಪಷ್ಟವಾಗಿ ಹೇಳಬೇಕು. ಅದನ್ನು ಸರಿಯಾಗಿ ಹೇಳುವ ಕೀಲಿಮಣೆಯಿದ್ದರೆ ಬರೆಯುವವರ ಆತ್ಮವಿಶ್ವಾಸವೇ ಬೇರೆ. ಮಾತಿನಿಂದ ಬರೆಸುವ ಸೌಲಭ್ಯ ಅನೇಕರಿಗೆ ವರವಾಗಿದೆಯಾದರೂ ಗುಪ್ತಪದವನ್ನೋ ಮನೆಯ ಗುಟ್ಟನ್ನೋ ಬಸ್ಸಿನಲ್ಲಿ ಕುಳಿತು ಗಟ್ಟಿಯಾಗಿ ಹೇಳಲಾಗುವುದಿಲ್ಲ. ಪರದೆಯನ್ನೇ ಆರು ಚುಕ್ಕೆಗಳ ಬ್ರೈಲ್ ಫಲಕವನ್ನಾಗಿಸಿ ಆರು ಬೆರಳುಗಳಿಂದ ಟೈಪಿಸುವ ವ್ಯವಸ್ಥೆ ಐಫೋನಿನಲ್ಲಿ 2014ರಿಂದಲೂ ಟಾಕ್‌ಬ್ಯಾಕ್‌ನಲ್ಲಿ 2020ರಿಂದಲೂ ಇದೆ. ಬ್ರೈಲ್ ಕಲಿತವರ ವೇಗ ಅದರಲ್ಲಿ ಬೆರಗು ಹುಟ್ಟಿಸುವಂತಿರುತ್ತದೆ. ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ ಇರುವುದರಿಂದ ಕನ್ನಡ ಶಾಲೆಯಲ್ಲಿ ಬ್ರೈಲ್ ಕಲಿತ ಮಕ್ಕಳಿಗೆ ಈ ವಿಧಾನವನ್ನು ಫೋನಿನಲ್ಲಿ ಹೇಳಿಕೊಡುವುದು ಬಹಳ ಅಗತ್ಯ.

ಫೋನಿನ ಕ್ಯಾಮೆರಾವನ್ನೇ ಕಣ್ಣಾಗಿಸುವ ಆ್ಯಪ್‌ಗಳ ಬಗ್ಗೆ ಬೇರೆಯಾಗಿಯೇ ಬರೆಯಬೇಕು. ನೋಟುಗಳನ್ನು ಗುರುತಿಸಲು ರಿಸರ್ವ್ ಬ್ಯಾಂಕ್ 2020ರ ಜನವರಿ 1ರಂದು ಬಿಡುಗಡೆ ಮಾಡಿದ ಮಣಿ, ಎದುರಿಗಿರುವುದನ್ನು ವಿವರಿಸುವ ಸೀಯಿಂಗ್ ಎಐ, ದೂರದಲ್ಲಿರುವ ಸ್ವಯಂಸೇವಕರ ಕಣ್ಣನ್ನು ಎರವಲು ತರುವ ಬಿ ಮೈ ಐಸ್ ಇವೆಲ್ಲ ಉಪಯುಕ್ತವಾದವು. ಆದರೆ ಹೆಸರಿಲ್ಲದ ಗುಂಡಿಯನ್ನು ಕೃತಕ ಬುದ್ಧಿಮತ್ತೆ ಊಹಿಸಿ ಹೇಳುತ್ತದೆ ಎಂದು ಆ್ಯಪ್ ತಯಾರಿಸುವವರು ಕೈಕಟ್ಟಿ ಕೂರುವುದನ್ನು ನಾನು ಒಪ್ಪಲಾರೆ. ಹಣ ಕಳುಹಿಸುವ ಗುಂಡಿಯ ಹೆಸರು ಊಹೆಯ ವಿಷಯವಾಗಬಾರದು.

ನಮ್ಮ ತಂಡದಲ್ಲಿ ಈಗ ಪಾಲಿಸುತ್ತಿರುವ ಪದ್ಧತಿಯನ್ನು ಬರೆದಿಡುತ್ತೇನೆ, ಬೇಕಾದವರು ಬಳಸಿಕೊಳ್ಳಬಹುದು. ಹೊಸ ಆವೃತ್ತಿ ಹೊರಬರುವ ಮೊದಲು ಅಗ್ಗದ ಆ್ಯಂಡ್ರಾಯ್ಡ್ ಫೋನೊಂದರಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಪರದೆಯನ್ನು ಕಪ್ಪಾಗಿಸುವ ಆಯ್ಕೆಯನ್ನು ಬಳಸಿ, ಖಾತೆ ತೆರೆಯುವುದರಿಂದ ಹಣ ಪಾವತಿಯವರೆಗಿನ ಇಡೀ ದಾರಿಯನ್ನು ಕಿವಿಯಿಂದಲೇ ನಡೆಯುತ್ತೇವೆ. ಅದೇ ದಾರಿಯನ್ನು ಅಕ್ಷರ ಎರಡು ಪಟ್ಟು ಹಿಗ್ಗಿಸಿ, ಕನ್ನಡದಲ್ಲಿ, ಕಪ್ಪು ಹಿನ್ನೆಲೆಯಲ್ಲಿ ಇನ್ನೊಮ್ಮೆ ನಡೆಯುತ್ತೇವೆ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದದ್ದು ಈ ಬಾರಿ ಕೆಟ್ಟಿದ್ದರೆ, ಪಾವತಿಯೇ ವಿಫಲವಾದಷ್ಟು ಗಂಭೀರವೆಂದು ಪರಿಗಣಿಸಿ ಬಿಡುಗಡೆಯನ್ನು ತಡೆಹಿಡಿಯುತ್ತೇವೆ. ಕೊನೆಯ ಮಾತು ದೃಷ್ಟಿಯಿಲ್ಲದ ಸಹೋದ್ಯೋಗಿಯದು. ಅವರು ಸಂಬಳ ಪಡೆದು ಈ ಕೆಲಸ ಮಾಡುತ್ತಾರೆ, ಉಪಕಾರವಾಗಿ ಅಲ್ಲ. ಇಂಥ ಪರೀಕ್ಷಕರು ಎಲ್ಲಿ ಸಿಗುತ್ತಾರೆ ಎಂದು ಕೇಳುವವರು ಬೆಂಗಳೂರಿನಲ್ಲಿ 1999ರಿಂದ ವಿಕಲಚೇತನರ ಉದ್ಯೋಗಕ್ಕಾಗಿ ಶ್ರಮಿಸುತ್ತಿರುವ ಎನೇಬಲ್ ಇಂಡಿಯಾದಂತಹ ಸಂಸ್ಥೆಗಳನ್ನು ವಿಚಾರಿಸಬಹುದು. ಕನ್ನಡದ ಪರೀಕ್ಷೆಗೆ ಕನ್ನಡದಲ್ಲಿಯೇ ಫೋನ್ ಬಳಸುವವರನ್ನು ಕರೆಯಬೇಕು, ಏಕೆಂದರೆ ಇಂಗ್ಲಿಷ್ ಧ್ವನಿಗೆ ಒಗ್ಗಿದವರ ಪರೀಕ್ಷೆಯಲ್ಲಿ ಮೇಲೆ ಹೇಳಿದ ತೊಡಕುಗಳಲ್ಲಿ ಅರ್ಧದಷ್ಟು ಕಾಣಿಸಿಕೊಳ್ಳುವುದೇ ಇಲ್ಲ.